ಹಿಂದಿನ ಬಿಯರಿನ ಯೀಸ್ಟ್ ಮುಂದಿನ ಬಿಯರಿಗೆ: ತಳದ ಮಡ್ಡಿಯನ್ನು ಉಳಿಸಿ ಬಳಸುವ ಕ್ರಮ

ಬಿಯರನ್ನು ಬಾಟಲಿಗೆ ತುಂಬಿದ ಮೇಲೆ ಹುದುಗಿಸುವ ಪಾತ್ರೆಯ ತಳದಲ್ಲಿ ಉಳಿಯುವ ಕೆನೆಬಣ್ಣದ ಮಡ್ಡಿಯನ್ನು ಏನು ಮಾಡಬೇಕು, ಅದನ್ನೇ ಮುಂದಿನ ಬ್ಯಾಚಿಗೆ ಹಾಕಬಹುದೇ, ಹಾಕುವುದಾದರೆ ಎಷ್ಟು, ಎಷ್ಟು ದಿನದೊಳಗೆ ಎಂಬ ಪ್ರಶ್ನೆಗಳನ್ನು ಮನೆಯಲ್ಲಿ ಬಿಯರ್ ತಯಾರಿಸುವ ಓದುಗರು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವುದಕ್ಕಿಂತ ಇಡೀ ಕ್ರಮವನ್ನು ಒಂದೇ ಕಡೆ ಬರೆದಿಡುವುದು ಲೇಸೆನಿಸಿತು. ನಿಮ್ಮಲ್ಲಿ ಮನೆಯಲ್ಲಿ ಬಿಯರ್ ತಯಾರಿಸಲು ಕಾನೂನಿನ ಅನುಮತಿ ಇದೆ, ಒಂದೆರಡು ಬ್ಯಾಚುಗಳನ್ನು ನೀವು ಈಗಾಗಲೇ ಮಾಡಿ ಮುಗಿಸಿದ್ದೀರಿ ಎಂದು ಭಾವಿಸಿಕೊಂಡು ಈ ಲೇಖನವನ್ನು ಬರೆದಿದ್ದೇನೆ.

ಯೀಸ್ಟ್ ಮರುಬಳಕೆಯಿಂದ ಹಣ ಉಳಿಯುವುದು ನಿಜವಾದರೂ ನನ್ನ ದೃಷ್ಟಿಯಲ್ಲಿ ಅದು ಮುಖ್ಯ ಲಾಭವಲ್ಲ. ಒಂದು ಪೊಟ್ಟಣದಲ್ಲಿ ಸಿಗುವುದಕ್ಕಿಂತ ಹಲವು ಪಟ್ಟು ಹೆಚ್ಚು ಜೀವಕೋಶಗಳು ಆ ಮಡ್ಡಿಯಲ್ಲಿರುತ್ತವೆ, ಅವು ಆಗಲೇ ವರ್ಟ್, ಅಂದರೆ ಇನ್ನೂ ಹುದುಗದ ಸಿಹಿ ದ್ರವದ ಸಕ್ಕರೆಗೆ ಹೊಂದಿಕೊಂಡಿರುತ್ತವೆ, ಆದ್ದರಿಂದ ಎರಡನೆಯ ಬ್ಯಾಚು ಅನೇಕ ವೇಳೆ ಮೊದಲನೆಯದಕ್ಕಿಂತ ಚುರುಕಾಗಿ ಹುದುಗುತ್ತದೆ. ಆದರೆ ಕೈಗೆ ಇಷ್ಟು ಸಮೃದ್ಧವಾಗಿ ಸಿಗುವುದೇ ತಪ್ಪಿಗೂ ದಾರಿ. ಹೆಚ್ಚಿನವರು ಸೋಂಕಿಗೆ ಹೆದರುತ್ತಾರೆ, ಹೆದರಬೇಕಾದದ್ದೂ ಸರಿ. ಆದರೆ ಓದುಗರು ಹೇಳಿಕೊಳ್ಳುವ ತೊಂದರೆಗಳಲ್ಲಿ ಬಹುಪಾಲು ಅಳತೆಯಿಲ್ಲದೆ ಸುರಿದದ್ದರಿಂದ ಆದವು. ಹೀಗಾಗಿ ಅಳತೆಯ ಭಾಗವನ್ನು ಕೆಳಗೆ ಸ್ವಲ್ಪ ವಿಸ್ತಾರವಾಗಿಯೇ ಬರೆದಿದ್ದೇನೆ.

ಮೊದಲು ಕೆಲವು ಪದಗಳು

ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ ತೆಗೆದ, ಇನ್ನೂ ಹುದುಗದ ಸಿಹಿ ದ್ರವವೇ ವರ್ಟ್. ಹುದುಗುವಿಕೆ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಕೂರುವ ಮಂದವಾದ ಯೀಸ್ಟ್ ದ್ರವವನ್ನು ಸ್ಲರಿ ಎನ್ನುತ್ತಾರೆ. ಅದರ ಜೊತೆಯಲ್ಲೇ ಇಳಿಯುವ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಚೂರು, ಮಾಲ್ಟಿನ ಪ್ರೋಟೀನು, ಇತರ ಕಸ ಇವೆಲ್ಲ ಸೇರಿ ಟ್ರಬ್ ಎನಿಸಿಕೊಳ್ಳುತ್ತವೆ. ಮಡ್ಡಿ ಎಂದು ನಾನು ಬರೆದಾಗ ಈ ಎರಡೂ ಸೇರಿದ ರಾಶಿ ಎಂದು ತಿಳಿಯಿರಿ. ಮಡ್ಡಿಯೆಲ್ಲ ಯೀಸ್ಟ್ ಅಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕ ಸುಲಭವಾಗುತ್ತದೆ. ಯೀಸ್ಟ್ ಕಣಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿ ತಳಕ್ಕೆ ಇಳಿಯುವ ಗುಣವನ್ನು ಫ್ಲಾಕ್ಯುಲೇಶನ್ ಎಂದು ಕರೆಯುತ್ತಾರೆ. ಏಲ್ ಯೀಸ್ಟ್ ಎಂದರೆ ಸಾಮಾನ್ಯವಾಗಿ 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗಿಸುವ ಸ್ಯಾಕರೋಮೈಸಿಸ್ ಸೆರೆವಿಸಿಯೆ. ಲಾಗರ್ ಯೀಸ್ಟ್ ಎಂದರೆ 8ರಿಂದ 13 ಡಿಗ್ರಿಯ ತಂಪಿನಲ್ಲಿ ಕೆಲಸ ಮಾಡುವ ಸ್ಯಾಕರೋಮೈಸಿಸ್ ಪಾಸ್ಟೋರಿಯಾನಸ್.

ಯಾವ ಬ್ಯಾಚಿನ ಯೀಸ್ಟನ್ನು ಉಳಿಸಬಾರದು

ಜಾಡಿ ತೊಳೆಯುವ ಮೊದಲೇ ಈ ತೀರ್ಮಾನ ಆಗಬೇಕು. ಬಿಯರಿನ ರುಚಿಯಲ್ಲಿ ಅನುಮಾನವಿದ್ದರೆ ಅದರ ಯೀಸ್ಟ್ ಬೇಡ. ಇದಕ್ಕೆ ರಿಯಾಯಿತಿಯೇ ಇಲ್ಲ. ಹುಳಿ ವಾಸನೆ, ಔಷಧದಂಥ ಘಾಟು, ಮೇಲ್ಮೈಯಲ್ಲಿ ಬಿಳಿಯ ತೆಳು ಪೊರೆ ಇವುಗಳಲ್ಲಿ ಯಾವುದು ಕಂಡರೂ ಆ ಮಡ್ಡಿಯನ್ನು ಚೆಲ್ಲಿಬಿಡಿ. ಹುದುಗುವಿಕೆ ಅರ್ಧಕ್ಕೆ ನಿಂತುಹೋದ ಬ್ಯಾಚಿನದನ್ನೂ ಉಳಿಸಬೇಡಿ, ಏಕೆಂದರೆ ಅಲ್ಲಿ ಉಳಿದಿರುವುದು ಸೋತ ಯೀಸ್ಟ್.

ಸಾಂದ್ರತೆ ಹೆಚ್ಚಿದ್ದ ಬಿಯರಿನ ವಿಷಯದಲ್ಲಿಯೂ ಎಚ್ಚರ ಬೇಕು. ಆರಂಭದ ಸಾಂದ್ರತೆ, ಅಂದರೆ ಹುದುಗುವ ಮೊದಲು ಹೈಡ್ರೋಮೀಟರ್ ತೋರಿಸಿದ ಅಂಕಿ, 1.060ರಿಂದ 1.065ನ್ನು ದಾಟಿದ್ದರೆ ಆ ಯೀಸ್ಟ್ ಆಲ್ಕೋಹಾಲಿನಲ್ಲಿ ಬಹಳ ದಣಿದಿರುತ್ತದೆ. ಹಾಪ್ಸ್ ಬಹಳ ಹಾಕಿದ ಬಿಯರಿನಲ್ಲಿ ಹಾಪ್ಸಿನ ಅಂಟು ಯೀಸ್ಟ್ ಕಣಗಳ ಮೈಗೆ ಮೆತ್ತಿಕೊಳ್ಳುತ್ತದೆ. ಹುದುಗುವ ಪಾತ್ರೆಗೇ ಒಣ ಹಾಪ್ಸ್ ಸುರಿದಿದ್ದರಂತೂ ಮಡ್ಡಿಯಿಂದ ಯೀಸ್ಟನ್ನು ಬೇರ್ಪಡಿಸುವುದೇ ಒಂದು ಸಾಹಸ. ಆದ್ದರಿಂದ ಬ್ಯಾಚುಗಳ ಸರದಿಯನ್ನು ಮೊದಲೇ ಯೋಚಿಸಿ: ತಿಳಿಯಾದ, ಹಗುರವಾದ, ಕಹಿ ಕಡಿಮೆಯಿರುವ ಬಿಯರ್ ಮೊದಲು, ಗಾಢವಾದದ್ದು, ಬಲವಾದದ್ದು, ಕಹಿ ಹೆಚ್ಚಿರುವುದು ಆಮೇಲೆ. ಕಪ್ಪು ಸ್ಟೌಟಿನ ಯೀಸ್ಟನ್ನು ಹೊಂಬಣ್ಣದ ಏಲಿಗೆ ಹಾಕಿದರೆ ಯೀಸ್ಟ್ ಕೆಡುವುದಿಲ್ಲ, ಬಣ್ಣ ಮತ್ತು ರುಚಿ ಸ್ವಲ್ಪ ಕಲಬೆರಕೆಯಾಗುತ್ತದೆ ಅಷ್ಟೇ.

ಸೈಸನ್ ಶೈಲಿಯ ಬಿಯರಿಗೆ ಬಳಸುವ ಹಲವು ತಳಿಗಳನ್ನು ಪ್ರತ್ಯೇಕವಾಗಿ ಹೆಸರಿಸಬೇಕು. ಇವು ಡಯಾಸ್ಟಾಟಿಕಸ್ ಎಂಬ ಉಪಜಾತಿಗೆ ಸೇರಿದ್ದು, ಬೇರೆ ಯೀಸ್ಟ್ ಮುಟ್ಟದ ಡೆಕ್ಸ್‌ಟ್ರಿನ್ ಎಂಬ ಉದ್ದ ಸಕ್ಕರೆಗಳನ್ನೂ ಒಡೆದು ತಿನ್ನುತ್ತವೆ. ಸೈಸನ್ನಿನಿಂದ ಸೈಸನ್ನಿಗೆ ಇದನ್ನು ಬಳಸಲು ಅಡ್ಡಿಯಿಲ್ಲ. ಆದರೆ ಇದರ ಒಂದು ಹನಿ ಇನ್ನೊಂದು ಬಿಯರಿಗೆ ಸೇರಿತೆಂದರೆ, ಬಾಟಲಿಗೆ ತುಂಬಿದ ಎಷ್ಟೋ ವಾರಗಳ ಮೇಲೂ ಅದು ತಿನ್ನುತ್ತಲೇ ಹೋಗಿ, ಬಾಟಲಿಯೊಳಗಿನ ಒತ್ತಡ ಏರಿ, ಗಾಜು ಸಿಡಿಯುವ ಅಪಾಯವಿದೆ. ಇಂಥ ತಳಿಗೆ ಬಳಸಿದ ರಬ್ಬರ್ ಕೊಳವೆ, ಪ್ಲಾಸ್ಟಿಕ್ ನಲ್ಲಿಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ.

ಒಣ ಯೀಸ್ಟನ್ನು ಮರುಬಳಸಬಹುದೇ ಎಂದು ಕೇಳುವವರು ಬಹಳ ಮಂದಿ. ಧಾರಾಳವಾಗಿ ಬಳಸಬಹುದು. ಒಮ್ಮೆ ಹುದುಗಿದ ಮೇಲೆ ಅದು ಒಣ ಪೊಟ್ಟಣದಿಂದ ಬಂದದ್ದೋ ದ್ರವದ ಶೀಶೆಯಿಂದ ಬಂದದ್ದೋ ಎಂಬ ವ್ಯತ್ಯಾಸ ಉಳಿಯುವುದಿಲ್ಲ. ಎರಡು ಮೂರು ತಳಿಗಳನ್ನು ಬೆರೆಸಿ ಮಾರುವ ಪೊಟ್ಟಣಗಳು ಮಾತ್ರ ಇದಕ್ಕೆ ಹೊರತು. ಮರುಬಳಕೆಯಲ್ಲಿ ಅವುಗಳ ಪ್ರಮಾಣ ಏರುಪೇರಾಗಿ ಬಿಯರಿನ ಗುಣವೇ ಬದಲಾಗುತ್ತದೆ.

ಬೇಕಾಗುವ ಸಾಮಗ್ರಿ

ಅರ್ಧ ಅಥವಾ ಒಂದು ಲೀಟರಿನ, ಅಗಲ ಬಾಯಿಯ ಎರಡು ಮೂರು ಗಾಜಿನ ಜಾಡಿಗಳು, ಹಚ್ಚಿದ ಮೇಲೆ ನೀರಿನಲ್ಲಿ ತೊಳೆಯಬೇಕಿಲ್ಲದ ಸೋಂಕುನಿವಾರಕ ದ್ರಾವಣ, ಉದ್ದ ಹಿಡಿಯ ಸೌಟು, ಅಳತೆಯ ಗೆರೆಗಳಿರುವ ಪಾತ್ರೆ, ಹೈಡ್ರೋಮೀಟರ್, ಜಾಗವಿರುವ ಫ್ರಿಜ್, ಅಂಟುಚೀಟಿ ಮತ್ತು ಪೆನ್ನು. ಇಷ್ಟೇ ಸಾಕು.

ಹಂತ 1: ಹುದುಗುವಿಕೆ ಪೂರ್ಣವಾಗಿ ಮುಗಿಯಲಿ

ಏರ್‌ಲಾಕಿನಲ್ಲಿ, ಅಂದರೆ ಗಾಳಿ ಹೊರಗೆ ಹೋಗಲು ಬಿಟ್ಟು ಒಳಗೆ ಬರದಂತೆ ತಡೆಯುವ ಆ ಸಣ್ಣ ನೀರಿನ ಬೀಗದಲ್ಲಿ, ಗುಳ್ಳೆ ನಿಂತ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಹೈಡ್ರೋಮೀಟರಿನ ಅಂಕಿ ಎರಡು ಮೂರು ದಿನ ಬದಲಾಗದೆ ನಿಂತರೆ ಮಾತ್ರ ಮುಗಿದಂತೆ. ಆಮೇಲೆ ಸಾಧ್ಯವಾದರೆ ಪಾತ್ರೆಯನ್ನು ಒಂದೆರಡು ದಿನ 1ರಿಂದ 4 ಡಿಗ್ರಿಯ ತಂಪಿನಲ್ಲಿಡಿ. ತೇಲುತ್ತಿರುವ ಯೀಸ್ಟ್ ತಳಕ್ಕೆ ಇಳಿದು ಗಟ್ಟಿಯಾಗುತ್ತದೆ. ಪಾತ್ರೆ ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗಿ ಏರ್‌ಲಾಕಿನ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ಅದರಲ್ಲಿ ಬರೀ ನಲ್ಲಿ ನೀರನ್ನು ಬಿಡದೆ ಸೋಂಕುನಿವಾರಕ ದ್ರಾವಣವನ್ನು ತುಂಬಿ, ಅದೂ ಅರ್ಧ ಮಟ್ಟಕ್ಕೆ ಮಾತ್ರ.

ಹಾಗೆಂದು ಬಿಯರನ್ನು ಮಡ್ಡಿಯ ಮೇಲೆ ತಿಂಗಳುಗಟ್ಟಲೆ ಬಿಡಬಾರದು. ಹುದುಗುವಿಕೆ ಮುಗಿದ ಒಂದು ವಾರದೊಳಗೆ ತೆಗೆದ ಯೀಸ್ಟ್ ಒಳ್ಳೆಯದು, ಎರಡು ವಾರದ್ದು ನಡೆಯುತ್ತದೆ. ಅದಕ್ಕೂ ಹಳೆಯದಾದರೆ ಸತ್ತ ಕಣಗಳ ಪಾಲು ಏರುತ್ತ ಹೋಗುತ್ತದೆ.

ಹಂತ 2: ಶುಚಿ ಮಾಡುವುದು ಬೇರೆ, ಸೋಂಕು ಕಳೆಯುವುದು ಬೇರೆ

ಜಾಡಿಯನ್ನು ಮೊದಲು ಉಜ್ಜಿ ತೊಳೆದು ಜಿಡ್ಡು, ಕಲೆ ಇಲ್ಲದಂತೆ ಮಾಡಿ. ಕೊಳೆಯ ಮೇಲೆ ಸೋಂಕುನಿವಾರಕ ಸುರಿದರೆ ಪ್ರಯೋಜನವಿಲ್ಲ, ಏಕೆಂದರೆ ಬ್ಯಾಕ್ಟೀರಿಯಾ ಆ ಕೊಳೆಯ ಅಡಿಯಲ್ಲೇ ಸುರಕ್ಷಿತವಾಗಿ ಕೂತಿರುತ್ತದೆ. ಆಮೇಲೆ ಜಾಡಿ, ಮುಚ್ಚಳ, ಸೌಟುಗಳನ್ನು ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿ ಅಥವಾ ಸೋಂಕುನಿವಾರಕದಲ್ಲಿ ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಮುಳುಗಿಸಿಡಿ. ಬಿಸಿ ಜಾಡಿಗೆ ತಣ್ಣನೆಯದನ್ನು ಸುರಿದರೆ ಗಾಜು ಒಡೆಯುತ್ತದೆ. ಪೂರ್ತಿ ಆರಲು ಬಿಡಿ.

ಇಷ್ಟೊಂದು ಕಟ್ಟುನಿಟ್ಟು ಏಕೆಂದರೆ ಮರುಬಳಕೆಯಲ್ಲಿ ಸೋಂಕೂ ಬ್ಯಾಚಿನಿಂದ ಬ್ಯಾಚಿಗೆ ಬೆಳೆಯುತ್ತದೆ. ಮೊದಲ ಬಿಯರಿನಲ್ಲಿ ನಾಲಿಗೆಗೆ ಗೊತ್ತಾಗದಷ್ಟು ಅಲ್ಪವಾಗಿದ್ದ ಬ್ಯಾಕ್ಟೀರಿಯಾ ಮೂರನೆಯದರಲ್ಲಿ ಬಿಯರನ್ನೇ ಹುಳಿಯಾಗಿಸಬಲ್ಲದು. ಕಾರ್ಲ್ಸ್‌ಬರ್ಗ್ ಎಂಬ ಡೆನ್ಮಾರ್ಕಿನ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ವಿಜ್ಞಾನಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಅವರು 1883ರಲ್ಲಿ ಒಂದೇ ಕಣದಿಂದ ಶುದ್ಧ ಯೀಸ್ಟ್ ಬೆಳೆಸಿದ್ದರ ಹಿಂದೆಯೂ ಇದೇ ಸಮಸ್ಯೆಯಿತ್ತು. ಬ್ಯಾಚಿನಿಂದ ಬ್ಯಾಚಿಗೆ ಸಾಗಿ ಬರುತ್ತಿದ್ದ ಯೀಸ್ಟಿನಲ್ಲಿ ಕಾಡು ಯೀಸ್ಟ್ ಸೇರಿಕೊಂಡು ಬಿಯರ್ ಕೆಡುತ್ತಿತ್ತು ಎಂಬುದನ್ನು ಅವರು ತೋರಿಸಿಕೊಟ್ಟರು.

ಹಂತ 3: ಮಡ್ಡಿಯನ್ನು ತೆಗೆಯುವುದು

ಬಿಯರನ್ನು ಕೊಳವೆಯಿಂದ ಹೊರತೆಗೆಯುವಾಗ ಕೊನೆಯ ಹನಿಯವರೆಗೂ ಹೀರಬೇಡಿ. ಮಡ್ಡಿಯ ಮೇಲೆ ಒಂದೆರಡು ಬೆರಳಿನಷ್ಟು ಬಿಯರ್ ನಿಂತಿರಲಿ. ಅದು ಮಡ್ಡಿಯನ್ನು ಸಡಿಲಗೊಳಿಸಲು ಬೇಕು, ಆಮೇಲೆ ಜಾಡಿಯಲ್ಲಿ ಯೀಸ್ಟಿಗೆ ಹೊದಿಕೆಯಾಗಿಯೂ ಬೇಕು. ಪಾತ್ರೆಯ ಮುಚ್ಚಳವನ್ನು ತೆರೆದಿಟ್ಟು ಬೇರೆ ಕೆಲಸಕ್ಕೆ ಹೋಗದೆ, ಬಿಯರ್ ಹೊರಬಂದ ಕೂಡಲೇ ಈ ಕೆಲಸಕ್ಕೆ ಕೈಹಚ್ಚಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಏಕೆಂದರೆ ಗಾಳಿಯ ಧೂಳಿನಲ್ಲೇ ಕಾಡು ಯೀಸ್ಟ್ ಇರುತ್ತದೆ.

ಪಾತ್ರೆಯನ್ನು ನಿಧಾನವಾಗಿ ಗಿರಕಿ ಹೊಡೆಸಿದರೆ ಮಡ್ಡಿ ಬಿಡಿಸಿಕೊಂಡು ತೆಳ್ಳನೆಯ ಗಂಜಿಯಂತಾಗುತ್ತದೆ. ಸುರಿಯುವ ಅಂಚನ್ನು ಸೋಂಕುನಿವಾರಕದಿಂದ ಒರೆಸಿ, ಜಾಡಿಗಳಿಗೆ ಮುಕ್ಕಾಲು ಭಾಗ ಮಾತ್ರ ತುಂಬಿಸಿ. ಪಾತ್ರೆ ಭಾರವಾಗಿದ್ದರೆ ಸೌಟಿನಿಂದ ಎತ್ತಿಕೊಳ್ಳಿ. ಸೌಟನ್ನು ತೀರ ತಳಕ್ಕೆ ಒತ್ತಿ ಕೆರೆಯಬೇಡಿ, ಏಕೆಂದರೆ ತಳಕ್ಕೆ ಅಂಟಿರುವುದು ಬಹುಪಾಲು ಮೊದಲ ದಿನವೇ ಇಳಿದ ಟ್ರಬ್. ಇಪ್ಪತ್ತು ಲೀಟರಿನ ಬ್ಯಾಚಿನಲ್ಲಿ ಸಾಮಾನ್ಯವಾಗಿ ಅರ್ಧದಿಂದ ಒಂದು ಲೀಟರಿನವರೆಗೆ ಮಡ್ಡಿ ಸಿಗುತ್ತದೆ.

ಹಂತ 4: ಜಾಡಿಯಲ್ಲಿ ಪದರಗಳನ್ನು ಓದುವುದು

ಜಾಡಿಯನ್ನು ಅಲುಗಿಸದೆ ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ತೀರ ಕೆಳಗೆ ಕಂದು ಅಥವಾ ಹಸಿರು ಛಾಯೆಯ ಒರಟು ಪದರ ಕಾಣುತ್ತದೆ. ಅಲ್ಲಲ್ಲಿ ಹಾಪ್ಸಿನ ಎಸಳಿನ ಚೂರುಗಳೂ ಕಾಣಬಹುದು. ಅದರ ಮೇಲೆ ದಂತದ ಬಣ್ಣದ, ನುಣ್ಣನೆಯ, ಇನ್ನೂ ನಿಧಾನವಾಗಿ ಇಳಿಯುತ್ತಿರುವ ದಟ್ಟ ಪದರವಿದೆ. ಮೇಲಿನದು ಮಬ್ಬು ಬಿಯರ್. ನಿಮಗೆ ಬೇಕಾದದ್ದು ನಡುವಿನ ಪದರ. ಒರಟು ಟ್ರಬ್ ಯೀಸ್ಟಿಗಿಂತ ಬೇಗ ಇಳಿಯುತ್ತದೆಯಾದ್ದರಿಂದ, ಇದೇ ಹೊತ್ತಿನಲ್ಲಿ ಮೇಲಿನ ಮತ್ತು ನಡುವಿನ ಭಾಗವನ್ನು ಇನ್ನೊಂದು ಜಾಡಿಗೆ ಮೆಲ್ಲನೆ ಬಗ್ಗಿಸಿ, ಕಂದು ಪದರ ಅಂಚಿಗೆ ಬರುತ್ತಿದ್ದಂತೆ ನಿಲ್ಲಿಸಿ.

ನಡುವಿನ ಪದರಕ್ಕೆ ಇಷ್ಟು ಬೆಲೆ ಬಂದಿರುವುದು ಅದು ಶುಚಿಯಾಗಿದೆ ಎಂಬ ಕಾರಣಕ್ಕಷ್ಟೇ ಅಲ್ಲ. ಎಲ್ಲರಿಗಿಂತ ಮೊದಲೇ ತಳ ಸೇರುವ ಕಣಗಳು ಸಕ್ಕರೆಯನ್ನು ಪೂರ್ತಿ ಮುಗಿಸದೆ ಕೆಲಸ ಬಿಡುವಂಥವು. ಅವನ್ನೇ ಆರಿಸುತ್ತ ಹೋದರೆ ಕೆಲವು ಬ್ಯಾಚುಗಳ ನಂತರ ಸಿಹಿ ಉಳಿಯುವ ಬಿಯರ್ ಸಿಗುತ್ತದೆ. ಕೊನೆಯವರೆಗೂ ತೇಲುವವನ್ನೇ ಆರಿಸಿದರೆ ತಿಳಿಯಾಗದ ಬಿಯರ್ ಸಿಗುತ್ತದೆ.

ಕುದಿಸಿ ಆರಿಸಿದ ನೀರು ಹಾಕಿ ಮಡ್ಡಿಯನ್ನು ಜಾಲಾಡಬೇಕೇ ಎಂಬುದು ಬಹಳ ಚರ್ಚೆಗೆ ಒಳಗಾದ ಪ್ರಶ್ನೆ. ಬಹಳ ಕಾಲ ಇದನ್ನೇ ಸರಿಯಾದ ಕ್ರಮವೆಂದು ಕಲಿಸಲಾಗುತ್ತಿತ್ತು, ನಾನೂ ಹಾಗೆಯೇ ಮಾಡುತ್ತಿದ್ದೆ. ಈಗ ಬಿಟ್ಟಿದ್ದೇನೆ. ಬಿಯರಿನಲ್ಲಿ ಆಲ್ಕೋಹಾಲ್ ಇದೆ, ಹಾಪ್ಸ್ ಇದೆ, ಅದರ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, 4ರಿಂದ 4.5ರ ಸುಮಾರಿನಲ್ಲಿದೆ, ಈ ಮೂರೂ ಬ್ಯಾಕ್ಟೀರಿಯಾವನ್ನು ದೂರವಿಡುತ್ತವೆ. ನೀರು ಹಾಕಿದರೆ ಆ ರಕ್ಷಣೆ ತೆಳುವಾಗುತ್ತದೆ, ಜೊತೆಗೆ ಒಂದೊಂದು ಬಾರಿ ಪಾತ್ರೆ ಬದಲಿಸಿದಾಗಲೂ ಸೋಂಕಿಗೆ ಹೊಸ ಅವಕಾಶ ಸಿಗುತ್ತದೆ. ಸ್ವಲ್ಪ ಟ್ರಬ್ ಉಳಿದರೆ ಬಿಯರಿಗೆ ಕೇಡಿಲ್ಲ. ಹಾಪ್ಸ್ ಚೂರು ವಿಪರೀತವಿದ್ದು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಒಮ್ಮೆ ಜಾಲಾಡಿ, ಹಾಗೆ ಜಾಲಾಡಿದ್ದನ್ನು ಬೇಗ ಬಳಸಿ.

ಹಂತ 5: ಶೇಖರಣೆ

ಜಾಡಿಯ ಮುಚ್ಚಳವನ್ನು ಎಂದಿಗೂ ಬಿಗಿಯಾಗಿ ತಿರುಗಿಸಬೇಡಿ. ಉಳಿದ ಸಕ್ಕರೆಯನ್ನು ತಿನ್ನುತ್ತ ಯೀಸ್ಟ್ ಫ್ರಿಜ್ಜಿನಲ್ಲೂ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಒಮ್ಮೆ ಅವಸರದಲ್ಲಿ ಬಿಗಿದಿಟ್ಟ ಜಾಡಿಯನ್ನು ನಾಲ್ಕು ದಿನದ ನಂತರ ತೆರೆದಾಗ ಅದರಲ್ಲಿದ್ದ ಯೀಸ್ಟಿನ ಮೂರನೆಯ ಒಂದು ಪಾಲು ನನ್ನ ಅಡುಗೆಮನೆಯ ಚಾವಣಿಯಲ್ಲಿತ್ತು. ಗಾಜೇ ಸಿಡಿಯಲಿಲ್ಲವಲ್ಲ ಎಂಬುದೊಂದೇ ಸಮಾಧಾನ. ಮುಚ್ಚಳವನ್ನು ಕೂರಿಸಿ ಕಾಲು ಸುತ್ತು ಸಡಿಲ ಬಿಡಿ, ಅಥವಾ ಸೋಂಕುನಿವಾರಕದಲ್ಲಿ ಅದ್ದಿದ ಅಲ್ಯೂಮಿನಿಯಂ ಹಾಳೆಯನ್ನು ಬಾಯಿಗೆ ಸುತ್ತಿ.

ಫ್ರಿಜ್ಜಿನಲ್ಲಿ 1ರಿಂದ 4 ಡಿಗ್ರಿಯಿರುವ ಹಿಂಭಾಗದಲ್ಲಿ ಇಡಿ. ಫ್ರೀಜರಿನಲ್ಲಿ ಇಡಬಾರದು, ಹೆಪ್ಪುಗಟ್ಟುವ ನೀರಿನ ಹರಳುಗಳು ಯೀಸ್ಟಿನ ಕೋಶಗಳನ್ನು ಸೀಳಿಹಾಕುತ್ತವೆ. ಚೀಟಿಯಲ್ಲಿ ತಳಿಯ ಹೆಸರು, ಯಾವ ಬಿಯರಿನಿಂದ ಬಂದದ್ದು, ಅದರ ಆರಂಭದ ಸಾಂದ್ರತೆ, ತೆಗೆದ ದಿನಾಂಕ, ಎಷ್ಟನೆಯ ಬಾರಿ ಇವಿಷ್ಟನ್ನೂ ಬರೆದು ಅಂಟಿಸಿ. ನೆನಪಿರುತ್ತದೆ ಎಂದುಕೊಳ್ಳುವವರ ಫ್ರಿಜ್ಜಿನಲ್ಲಿಯೇ ಗುರುತು ಸಿಗದ ಜಾಡಿಗಳು ಸಾಲಾಗಿ ನಿಂತಿರುತ್ತವೆ.

ಎಷ್ಟು ದಿನ ಇಡಬಹುದು? ಮೂರು ನಾಲ್ಕು ದಿನದೊಳಗೆ ಬಳಸಿದರೆ ಉತ್ತಮ, ಎರಡು ವಾರದವರೆಗೆ ನೇರವಾಗಿ ಬಳಸಲು ಅಡ್ಡಿಯಿಲ್ಲ, ಅದಕ್ಕಿಂತ ಹಳೆಯದಕ್ಕೆ ಹಂತ 8ರ ಸ್ಟಾರ್ಟರ್ ಬೇಕು. ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಇಡುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು. ಹಳೆಯ ಬಿಯರನ್ನು ಬಾಟಲಿಗೆ ತುಂಬುವ ದಿನವೇ ಹೊಸ ವರ್ಟನ್ನು ಕುದಿಸಿದರೆ, ಅದು ತಣ್ಣಗಾಗುವ ಹೊತ್ತಿಗೆ ತಾಜಾ ಸ್ಲರಿ ಕೈಯಲ್ಲಿರುತ್ತದೆ.

ಹಂತ 6: ಬಳಸುವ ಮುನ್ನ ಪರೀಕ್ಷೆ

ಜಾಡಿ ತೆರೆದ ಕೂಡಲೇ ಮೂಸಿ ನೋಡಿ. ಬ್ರೆಡ್ಡಿನಂಥ, ಬಿಯರಿನಂಥ, ತುಸು ಹಣ್ಣಿನಂಥ ವಾಸನೆ ಬಂದರೆ ಸರಿಯಿದೆ. ವಿನೆಗರ್ ವಾಸನೆ, ಸುಟ್ಟ ರಬ್ಬರಿನ ವಾಸನೆ, ಕೊಳೆತ ಮಾಂಸದ ವಾಸನೆ ಬಂದರೆ ಚೆಲ್ಲಿ. ರಬ್ಬರ್ ಮತ್ತು ಮಾಂಸದ ವಾಸನೆ ಯೀಸ್ಟ್ ಕಣಗಳು ಸತ್ತು ಒಡೆದು ಒಳಗಿನ ರಸ ಹೊರಬರುವುದರ ಗುರುತು. ಇದನ್ನು ಆಟೊಲಿಸಿಸ್ ಎನ್ನುತ್ತಾರೆ. ಬಣ್ಣ ಕೆನೆಯಿಂದ ಗಾಢ ಕಂದಿಗೆ ತಿರುಗಿದ್ದರೂ ಅದೇ ಸೂಚನೆ. ಮೇಲಿನ ಬಿಯರನ್ನು ಒಂದು ಚಮಚ ರುಚಿ ನೋಡಬಹುದು, ನೋಡಲೇಬೇಕು ಎಂದರೂ ತಪ್ಪಿಲ್ಲ.

ಸೂಕ್ಷ್ಮದರ್ಶಕವಿದ್ದವರು ಮಿಥಿಲೀನ್ ಬ್ಲೂ ಬಣ್ಣದಿಂದ ಸತ್ತ ಕಣಗಳನ್ನು ಎಣಿಸಬಹುದು. ಜೀವಂತ ಕಣ ಆ ಬಣ್ಣವನ್ನು ಕರಗಿಸಿ ಬಿಳಿಯಾಗಿಯೇ ಕಾಣುತ್ತದೆ, ಸತ್ತದ್ದು ನೀಲಿಯಾಗಿ ನಿಲ್ಲುತ್ತದೆ. ಇಲ್ಲದವರಿಗೆ ಮೂಗೇ ಸಾಕು.

ಹಂತ 7: ಎಷ್ಟು ಹಾಕಬೇಕು

ತಯಾರಕರಲ್ಲಿ ರೂಢಿಯಲ್ಲಿರುವ ಅಳತೆ ಹೀಗಿದೆ: ಏಲ್ ಬಿಯರಿಗೆ, ವರ್ಟಿನ ಪ್ರತಿ ಮಿಲಿಲೀಟರಿಗೆ, ಪ್ರತಿ ಡಿಗ್ರಿ ಪ್ಲೇಟೊಗೆ 7.5 ಲಕ್ಷ ಜೀವಂತ ಕಣಗಳು. ಲಾಗರಿಗೆ ಅದರ ಇಮ್ಮಡಿ, ಅಂದರೆ 15 ಲಕ್ಷ. ಡಿಗ್ರಿ ಪ್ಲೇಟೊ ಎಂದರೆ ವರ್ಟಿನ ತೂಕದಲ್ಲಿ ಶೇಕಡಾ ಎಷ್ಟು ಭಾಗ ಸಕ್ಕರೆಯಂಥ ಕರಗಿದ ಪದಾರ್ಥ ಇದೆ ಎಂದು ತಿಳಿಸುವ ಮಾನ. ಹೈಡ್ರೋಮೀಟರಿನ ಅಂಕಿಯಲ್ಲಿ ದಶಾಂಶದ ನಂತರ ಬರುವ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅದು ಸಿಗುತ್ತದೆ, 1.048 ಎಂದರೆ 48ನ್ನು 4ರಿಂದ ಭಾಗಿಸಿ 12 ಡಿಗ್ರಿ ಪ್ಲೇಟೊ.

ಈಗ 1.048 ಸಾಂದ್ರತೆಯ 20 ಲೀಟರ್ ಏಲನ್ನು ತೆಗೆದುಕೊಳ್ಳಿ. 20 ಲೀಟರ್ ಎಂದರೆ 20,000 ಮಿಲಿಲೀಟರ್. 7.5 ಲಕ್ಷವನ್ನು 20,000ದಿಂದ, ಆಮೇಲೆ 12ರಿಂದ ಗುಣಿಸಿದರೆ 18,000 ಕೋಟಿ ಕಣಗಳು. ಚೆನ್ನಾಗಿ ಇಳಿದು ದಟ್ಟವಾದ ಸ್ಲರಿಯ ಒಂದು ಮಿಲಿಲೀಟರಿನಲ್ಲಿ ಸುಮಾರು 100 ಕೋಟಿ ಕಣಗಳಿವೆ ಎಂದು ಹಿಡಿಯುವುದು ಮನೆಯ ಮಟ್ಟಿಗೆ ಸುರಕ್ಷಿತವಾದ ಅಂದಾಜು. ಹಾಗಾದರೆ ಬೇಕಾದದ್ದು 180 ಮಿಲಿಲೀಟರ್. ಫ್ರಿಜ್ಜಿನಲ್ಲಿಟ್ಟ ಯೀಸ್ಟಿನಲ್ಲಿ ವಾರಕ್ಕೆ ಶೇಕಡಾ 10ರಿಂದ 25ರಷ್ಟು ಸಾಯುತ್ತದೆ ಎಂದು ಲೆಕ್ಕ ಹಾಕಬೇಕು. ತಳಿಯಿಂದ ತಳಿಗೆ ಇದು ಬೇರೆಯಾಗುತ್ತದೆ. ವಾರದ ಹಿಂದಿನ ಸ್ಲರಿಯಲ್ಲಿ ಶೇಕಡಾ 80 ಜೀವಂತವೆಂದುಕೊಂಡರೆ 180ನ್ನು 0.8ರಿಂದ ಭಾಗಿಸಿ 225 ಮಿಲಿಲೀಟರ್. ಇಷ್ಟನ್ನು ಅಳತೆಯ ಪಾತ್ರೆಯಲ್ಲಿ ಅಳೆದು ಹಾಕಿ. ಅಳೆಯುವುದು ದಟ್ಟವಾಗಿ ಇಳಿದ ಭಾಗವನ್ನೇ ಹೊರತು ಮೇಲಿನ ತೆಳ್ಳನೆಯ ಬಿಯರನ್ನು ಸೇರಿಸಿ ಅಲ್ಲ. ಇದೇ ಸಾಂದ್ರತೆಯ ಲಾಗರಿಗೆ ಎರಡರಷ್ಟು, ಅಂದರೆ ತಾಜಾ ಸ್ಲರಿಯಾದರೆ 360 ಮಿಲಿಲೀಟರ್ ಬೇಕು.

ಇದು ಕರಾರುವಾಕ್ಕಾದ ಲೆಕ್ಕವಲ್ಲ, ಅಂದಾಜು ಮಾತ್ರ. 225ರ ಬದಲು 200 ಅಥವಾ 260 ಹಾಕಿದರೆ ಬಿಯರ್ ಹಾಳಾಗದು. ಹಾಳಾಗುವುದು, ಇಡೀ ಒಂದು ಲೀಟರ್ ಮಡ್ಡಿಯನ್ನು ಸುರಿದಾಗ ಅಥವಾ ಎರಡು ಚಮಚ ಹಾಕಿ ಸುಮ್ಮನಾದಾಗ.

ಖಾಲಿಯಾದ ಪಾತ್ರೆಯನ್ನು ತೊಳೆಯುವ ಗೊಡವೆಯೇ ಇಲ್ಲದೆ, ತಳದಲ್ಲಿರುವ ಇಡೀ ಮಡ್ಡಿಯ ಮೇಲೆ ಹೊಸ ವರ್ಟನ್ನು ಸುರಿಯುವ ಪದ್ಧತಿಯನ್ನು ಹಲವರು ಮೆಚ್ಚುತ್ತಾರೆ. ಸುಲಭವೇನೋ ಹೌದು. ಆದರೆ ಒಂದು ಬ್ಯಾಚಿನಲ್ಲಿ ಯೀಸ್ಟ್ ಮೂರರಿಂದ ಐದು ಪಟ್ಟು ವೃದ್ಧಿಯಾಗುವುದರಿಂದ, ಹೀಗೆ ಮಾಡಿದವರು ಅಗತ್ಯಕ್ಕಿಂತ ಅಷ್ಟೇ ಪಟ್ಟು ಹೆಚ್ಚು ಹಾಕಿದಂತಾಯಿತು. ಹೊಸ ಕಣಗಳು ಹುಟ್ಟಲು ಅವಕಾಶವಿಲ್ಲದೆ ಮುದಿ ಕಣಗಳೇ ಉಳಿಯುತ್ತವೆ, ಕಣ ವೃದ್ಧಿಯ ಹೊತ್ತಿನಲ್ಲಿ ಉಂಟಾಗುವ ಹಣ್ಣಿನ ಪರಿಮಳ ಕುಂದುತ್ತದೆ, ಹುದುಗುವಿಕೆ ರಭಸದಿಂದ ನಡೆದು ಶಾಖ ಏರುತ್ತದೆ, ನೊರೆ ಏರ್‌ಲಾಕಿನಿಂದ ಉಕ್ಕಿ ನೆಲಕ್ಕೆ ಹರಿಯುತ್ತದೆ. ಪಾತ್ರೆಯ ಗೋಡೆಗೆ ಹಳೆಯ ನೊರೆಯ ಕಂದು ಉಂಗುರ ಒಣಗಿ ಅಂಟಿರುವುದೂ ಹೊಸ ಬಿಯರಿಗೆ ಒಳ್ಳೆಯದಲ್ಲ. ಆರಂಭದ ಸಾಂದ್ರತೆ 1.080 ದಾಟುವ ಬಲವಾದ ಬಿಯರಿಗೆ ಮಾತ್ರ ಈ ಪದ್ಧತಿಯನ್ನು ಒಪ್ಪಬಹುದು, ಆಗಲೂ ಮಡ್ಡಿಯಲ್ಲಿ ಅರ್ಧದಷ್ಟನ್ನು ತೆಗೆದು ಸುರಿಯುವುದು ಮೇಲು.

ಹಂತ 8: ಹಳೆಯ ಯೀಸ್ಟನ್ನು ಎಚ್ಚರಿಸುವುದು

ಎರಡು ವಾರ ದಾಟಿದ ಸ್ಲರಿಗೆ ಸ್ಟಾರ್ಟರ್ ಮಾಡಿಕೊಳ್ಳಿ. ಸ್ಟಾರ್ಟರ್ ಎಂದರೆ ದೊಡ್ಡ ಬ್ಯಾಚಿಗೆ ಹಾಕುವ ಮೊದಲು ಯೀಸ್ಟನ್ನು ಬೆಳೆಸಿಕೊಳ್ಳುವ ಪುಟ್ಟ ವರ್ಟ್. ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ ಸೇರಿಸಿ, ಹತ್ತು ಹದಿನೈದು ನಿಮಿಷ ಕುದಿಸಿ, 20 ಡಿಗ್ರಿಯ ಆಸುಪಾಸಿಗೆ ಆರಿಸಿದರೆ 1.036ರಿಂದ 1.040ರ ಸಾಂದ್ರತೆಯ ವರ್ಟ್ ಸಿದ್ಧ. ಅದಕ್ಕೆ 50ರಿಂದ 100 ಮಿಲಿಲೀಟರ್ ಹಳೆಯ ಸ್ಲರಿ ಹಾಕಿ, ಬಾಯಿಗೆ ಹಾಳೆಯನ್ನು ಸಡಿಲವಾಗಿ ಸುತ್ತಿ, ಹೋಗಿ ಬರುವಾಗೆಲ್ಲ ಅಲುಗಿಸುತ್ತಿರಿ. ಒಂದೂವರೆ ದಿನದಲ್ಲಿ ನೊರೆ ಬಂದು ಇಳಿದಿದ್ದರೆ ಯೀಸ್ಟಿನಲ್ಲಿ ಜೀವವಿದೆ. ಏನೂ ಆಗದಿದ್ದರೆ ಅದನ್ನು ನಂಬಿ ಇಪ್ಪತ್ತು ಲೀಟರ್ ವರ್ಟನ್ನು ಪಣಕ್ಕೊಡ್ಡಬೇಡಿ.

ಇಲ್ಲೊಂದು ಅಪಾಯವನ್ನು ಹೇಳಲೇಬೇಕು. ಸ್ಟಾರ್ಟರಿಗೆಂದು ವರ್ಟನ್ನು ಮುಂಚಿತವಾಗಿ ಕುದಿಸಿ, ಮುಚ್ಚಿದ ಜಾಡಿಯಲ್ಲಿ ಹೊರಗಡೆ ಇಡಬೇಡಿ. ಬರೀ ಕುದಿಸುವುದರಿಂದ ಬೊಟುಲಿಸಂ ಎಂಬ ಮಾರಕ ವಿಷಬಾಧೆಗೆ ಕಾರಣವಾಗುವ ಬ್ಯಾಕ್ಟೀರಿಯಾದ ಬೀಜಕಣಗಳು ಸಾಯುವುದಿಲ್ಲ, ಆಮ್ಲ ಕಡಿಮೆಯಿರುವ ವರ್ಟ್ ಅವಕ್ಕೆ ಹೇಳಿಮಾಡಿಸಿದ ಜಾಗ. ಬೇಕಾದ ದಿನವೇ ಕುದಿಸಿ, ಅಂದೇ ಯೀಸ್ಟ್ ಹಾಕಿ.

ಮಡ್ಡಿ ಬಗೆಯುವ ಕೆಲಸವೇ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ. ಹೊಸ ಯೀಸ್ಟಿಗೆ ಸ್ಟಾರ್ಟರ್ ಮಾಡುವಾಗಲೇ ಅರ್ಧ ಲೀಟರ್ ಹೆಚ್ಚಿಗೆ ಮಾಡಿ, ಆ ಅರ್ಧ ಲೀಟರನ್ನು ಮುಂದಿನ ಸಲಕ್ಕೆ ಎತ್ತಿಟ್ಟು, ಉಳಿದದ್ದನ್ನು ಬ್ಯಾಚಿಗೆ ಹಾಕುವುದು. ಇದರಲ್ಲಿ ಹಾಪ್ಸ್ ಇಲ್ಲ, ಟ್ರಬ್ ಇಲ್ಲ, ದಣಿದ ಕಣಗಳಿಲ್ಲ. ಮೊದಲ ಬಾರಿ ಮರುಬಳಕೆಗೆ ಕೈಹಾಕುವವರಿಗೆ ನಾನು ಸೂಚಿಸುವುದು ಇದನ್ನೇ.

ಹಂತ 9: ವರ್ಟಿಗೆ ಬೆರೆಸುವುದು, ಗಾಳಿ ಕೊಡುವುದು

ಜಾಡಿಯನ್ನು ಒಂದೆರಡು ಗಂಟೆ ಮೊದಲು ಹೊರಗಿಟ್ಟು, ವರ್ಟಿನ ಉಷ್ಣತೆಗೂ ಸ್ಲರಿಯ ಉಷ್ಣತೆಗೂ ಐದಾರು ಡಿಗ್ರಿಗಿಂತ ಹೆಚ್ಚು ಅಂತರವಿರದಂತೆ ನೋಡಿಕೊಳ್ಳಿ. ಮೇಲೆ ನಿಂತ ಬಿಯರನ್ನು ಬಗ್ಗಿಸಿ ತೆಗೆದು, ಕೆಳಗಿನದನ್ನು ಕದಡಿ, ಅಳೆದು ಹಾಕಿ.

ಹೆಚ್ಚಿನವರು ಎಡವುವುದು ಗಾಳಿಯ ವಿಷಯದಲ್ಲಿ. ಕಾರ್ಖಾನೆಯಲ್ಲಿ ಒಣ ಯೀಸ್ಟನ್ನು ಯಥೇಚ್ಛ ಆಮ್ಲಜನಕ ಕೊಟ್ಟು ಬೆಳೆಸಿರುತ್ತಾರೆ. ಕೋಶದ ಗೋಡೆಯ ಒಳಪೊರೆಗೆ ಬೇಕಾದ ಸ್ಟೆರಾಲ್ ಎಂಬ ಕೊಬ್ಬು ಅದರಲ್ಲಿ ಸಂಗ್ರಹವಾಗಿರುತ್ತದೆ. ಆದ್ದರಿಂದ ಪೊಟ್ಟಣ ಒಡೆದು ಹಾಕಿದ ಮೊದಲ ಬಾರಿ ವರ್ಟಿಗೆ ಗಾಳಿ ಸೇರಿಸದಿದ್ದರೂ ನಡೆಯುತ್ತದೆ. ಒಂದು ಬ್ಯಾಚ್ ಮುಗಿಸಿ ಬಂದ ಯೀಸ್ಟಿನಲ್ಲಿ ಆ ಸಂಗ್ರಹ ಖಾಲಿಯಾಗಿರುತ್ತದೆ. ಮೊದಲ ಸಲ ಚೆನ್ನಾಗಿ ಹುದುಗಿದ ಅದೇ ಯೀಸ್ಟ್ ಎರಡನೆಯ ಸಲ ಮುಗ್ಗರಿಸಿದರೆ ಕಾರಣ ಬಹುಮಟ್ಟಿಗೆ ಇದೇ. ತಣ್ಣಗಾದ ವರ್ಟನ್ನು ಪಾತ್ರೆಯೊಳಗೆ ಐದು ನಿಮಿಷ ಬಲವಾಗಿ ಕುಲುಕಿ, ಅಥವಾ ಎತ್ತರದಿಂದ ಧಾರೆಯಾಗಿ ಸುರಿಯಿರಿ. ಹುದುಗುವಿಕೆ ಶುರುವಾದ ಮೇಲೆ ಮಾತ್ರ ಮತ್ತೆ ಗಾಳಿ ಸೇರಿಸಬಾರದು.

ಯೀಸ್ಟ್ ಬೆರೆಸುವ ಮೊದಲು ಸೋಂಕು ಕಳೆದ ಪುಟ್ಟ ಶೀಶೆಯಲ್ಲಿ ಅದೇ ವರ್ಟನ್ನು ಸ್ವಲ್ಪ ತೆಗೆದು, ಸಡಿಲವಾಗಿ ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಮೂರು ದಿನ ಇಟ್ಟು ನೋಡಿ. ಅದು ತಿಳಿಯಾಗಿಯೇ ಉಳಿದರೆ ನಿಮ್ಮ ಪಾತ್ರೆ, ಕೊಳವೆಗಳು ಶುಚಿಯಾಗಿವೆ. ಯೀಸ್ಟ್ ಹಾಕದಿದ್ದರೂ ಅದು ಕದಡಿ ಗುಳ್ಳೆ ಬಂದರೆ, ಈ ಬ್ಯಾಚಿನ ಬಿಯರ್ ರುಚಿಯಾಗಿದ್ದರೂ ಇದರ ಯೀಸ್ಟನ್ನು ಉಳಿಸಬೇಡಿ. ಈ ಶೀಶೆಯ ವರ್ಟನ್ನು ಕುಡಿಯದೆ ಚೆಲ್ಲಿ.

ಸರಿಯಾದ ಪ್ರಮಾಣದಲ್ಲಿ ಹಾಕಿದ ತಾಜಾ ಸ್ಲರಿ ಸಾಮಾನ್ಯವಾಗಿ ಆರರಿಂದ ಹದಿನೆಂಟು ಗಂಟೆಯೊಳಗೆ ನೊರೆ ಕಟ್ಟುತ್ತದೆ. ಮರುಬಳಕೆಯಲ್ಲಿ ರಭಸ ಹೆಚ್ಚಿರುವುದರಿಂದ ಪಾತ್ರೆಯಲ್ಲಿ ಐದನೆಯ ಒಂದು ಭಾಗದಷ್ಟು ಖಾಲಿ ಜಾಗ ಬಿಡಿ.

ಎಷ್ಟು ಬಾರಿ ಬಳಸಬಹುದು

ಪ್ರಯೋಗಾಲಯವಿರುವ ಕಾರ್ಖಾನೆಗಳು ಒಂದೇ ಯೀಸ್ಟನ್ನು ಹತ್ತು ಬಾರಿ ಬಳಸುವುದು ಅಪರೂಪವಲ್ಲ. ಮನೆಯಲ್ಲಿ ನಾಲ್ಕೈದು ಬಾರಿಗೆ ನಿಲ್ಲಿಸಿ, ಹೊಸ ಪೊಟ್ಟಣ ತೆರೆಯಿರಿ. ಮುಗಿಯುವ ಹೊತ್ತಿನ ಸಾಂದ್ರತೆ ಎಂದಿಗಿಂತ ಮೇಲೆಯೇ ನಿಲ್ಲುತ್ತಿದ್ದರೆ, ಶುರುವಾಗಲು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ, ಇಲ್ಲದ ಲವಂಗದ ಘಾಟು ಕಾಣಿಸಿಕೊಂಡರೆ ನಾಲ್ಕನೆಯ ಬಾರಿಯವರೆಗೂ ಕಾಯಬೇಕಿಲ್ಲ.

ಫಾಸ್ಫೊರಿಕ್ ಆಮ್ಲ ಹಾಕಿ ಪಿಎಚ್ ಅನ್ನು 2.2ರ ಸುಮಾರಿಗೆ ಇಳಿಸಿ ಯೀಸ್ಟನ್ನು ತೊಳೆಯುವ ಕ್ರಮವನ್ನು ಕೆಲವರು ಕೇಳುತ್ತಾರೆ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಕಾಡು ಯೀಸ್ಟನ್ನು ಮುಟ್ಟುವುದಿಲ್ಲ, ಒಳ್ಳೆಯ ಯೀಸ್ಟನ್ನೂ ಅಷ್ಟಿಷ್ಟು ನೋಯಿಸುತ್ತದೆ. ಪಿಎಚ್ ಮೀಟರ್ ಇಲ್ಲದೆ ಅದನ್ನು ಮಾಡಲೇಬಾರದು. ಮೀಟರ್ ಇದ್ದರೂ, ಹೊಸ ಪೊಟ್ಟಣ ಸಿಗುವಾಗ ಅಷ್ಟು ಪಾಡು ಪಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಅವಧಿ ಮೀರಿದ್ದರೂ ವಾಸನೆ ಕೆಡದ ಜಾಡಿಗಳನ್ನು ಚೆಲ್ಲುವ ಮುನ್ನ ಇನ್ನೊಂದು ಉಪಯೋಗವಿದೆ. ಮುಂದಿನ ವರ್ಟ್ ಕುದಿಯುವಾಗ ಕೊನೆಯ ಹತ್ತು ಹದಿನೈದು ನಿಮಿಷವಿರುವಂತೆ ಒಂದೆರಡು ಚಮಚ ಹಳೆಯ ಸ್ಲರಿಯನ್ನು ಹಂಡೆಗೇ ಹಾಕಿಬಿಡಿ. ಕುದಿಯಲ್ಲಿ ಸತ್ತ ಕಣಗಳು ಒಡೆದು, ಅವುಗಳಲ್ಲಿದ್ದ ಸಾರಜನಕ, ವಿಟಮಿನ್, ಸತುವು ವರ್ಟಿಗೆ ಇಳಿಯುತ್ತವೆ; ಆಮೇಲೆ ನೀವು ಹಾಕುವ ಹೊಸ ಯೀಸ್ಟಿಗೆ ಅದೇ ಪೋಷಣೆ.